ಅವ್ವನ ಇಡ್ಲಿ, ನಮ್ಮ ಮೀಟಿಂಗಿನ ಬೋಂಡಾ

ಅವ್ವನ ಶನಿವಾರದ ಇಡ್ಲಿ ಒಂದನ್ನ ಬಿಟ್ಟರೆ, ಒಂದು ವರ್ಷದಿಂದ ನಮ್ಮನೇಲಿ ಬೆಳಗಿನ ತಿಂಡಿಗೆ ಹೊರಗಡೆ ದುಡ್ಡು ಕೊಟ್ಟಿಲ್ಲ. ಇದೇನ್ ದೊಡ್ಡ ಸಾಧನೆ ಅಂತ ನಗಬೇಡಿ ಗೆಳೆಯರೇ. ಗುಮಾಸ್ತನ ಕೆಲಸ ನಂದು. ಆಫೀಸಿನ ಎದುರೇ ತಳ್ಳುಗಾಡಿ, ಬೆಳಿಗ್ಗೆ ಬಿಸಿ ಪೂರಿ, ಪಲಾವ್, ಸಂಜೆ ಅದೇ ಬಾಣಲೀಲಿ ಬೋಂಡಾ. ಆ ವಾಸನೆ ದಾಟಿ ಒಳಗೆ ಹೋಗೋದೂ ಒಂದು ಹೋರಾಟವೇ!

ನಾನು ಮಾಡೋದು ಇಷ್ಟೇ. ರಾತ್ರಿ ಮಲಗೋ ಮುಂಚೆ ರಾಗಿ ಹಿಟ್ಟನ್ನ ನೀರಲ್ಲಿ ಗಂಟಿಲ್ಲದಂಗೆ ಕಲಸಿ ಮುಚ್ಚಿಡ್ತೀನಿ. ಬೆಳಿಗ್ಗೆ ಹೊತ್ತಿಗೆ ಸಣ್ಣಗೆ ಹುಳಿ ಬಂದಿರುತ್ತೆ. ಕುದಿಯೋ ನೀರಿಗೆ ಹುಯ್ದು ಹತ್ತು ನಿಮಿಷ ತಿರುವಿದ್ರೆ ಅಂಬಲಿ. ಆರಿದ ಮೇಲೆ ಮಜ್ಜಿಗೆ, ಉಪ್ಪು, ಹೆಚ್ಚಿದ ಈರುಳ್ಳಿ. ಪಕ್ಕದ ಒಲೇಲಿ ತಲೆಗೊಂದು ಮೊಟ್ಟೆ ಬೇಯ್ತಿರುತ್ತೆ. ಭಾನುವಾರ ನುಗ್ಗೆಸೊಪ್ಪು ಹಾಕಿದ ರಾಗಿರೊಟ್ಟಿ, ಹುಚ್ಚೆಳ್ಳು ಚಟ್ನಿ. 100 ಗ್ರಾಂ ರಾಗೀಲಿ ಸುಮಾರು 350 ಮಿಲಿಗ್ರಾಂ ಕ್ಯಾಲ್ಸಿಯಂ ಇದೆ, ಪಾಲಿಶ್ ಅಕ್ಕೀಲಿ 10ರಷ್ಟೂ ಇರಲ್ಲ.

ಆದರೆ ಅವ್ವ ಅಂಬಲಿ ಮುಟ್ಟಲ್ಲ. ಕೂಲಿಗೆ ಹೋದಾಗ ದೊಡ್ಡ ಮನೆಯವರು ಎತ್ತರದಿಂದ ಬೊಗಸೆಗೆ ಹುಯ್ತಿದ್ದದ್ದು ಇದೇ ಅಂಬಲಿ. "ನಂಗೆ ಇಡ್ಲಿ ತಂದ್ಕೊಡು ಮಗ" ಅಂತಾಳೆ. ಅವಳ ಕಾಲದಲ್ಲಿ ನಮ್ಮವರಿಗೆ ಹೋಟೆಲ್ ಹೊರಗೆ ಬೇರೆ ಲೋಟ, ಕುಡಿದು ತಾವೇ ತೊಳೆದಿಡಬೇಕು. ಹೋಟೆಲಿಗೆ ಹೋಗೋ ಹಕ್ಕನ್ನ ಸಂವಿಧಾನದ 15(2)ನೇ ವಿಧಿಯಲ್ಲಿ ಹೆಸರೆತ್ತಿ ಬರೆಯಬೇಕಾಯ್ತು ಅಂದ್ರೆ ಲೆಕ್ಕ ಹಾಕಿ. ಅದಕ್ಕೇ ಹೋಟೆಲ್ ತಿಂಡಿ ಅಂದ್ರೆ ಬಾಯಿಚಪಲ ಅಂತ ಉಪದೇಶ ಮಾಡೋರನ್ನ ಕಂಡ್ರೆ ನಂಗೆ ಆಗಲ್ಲ. ಒಳಗೆ ಕುರ್ಚಿ ಮೇಲೆ ಕೂತು, ಎಲ್ಲರ ತಟ್ಟೇಲಿ ತಿಂದ ಆ ಇಡ್ಲಿ ರುಚಿ ಅವರಿಗೆ ಗೊತ್ತಿಲ್ಲ. ಶನಿವಾರ ಪಾರ್ಸಲ್ ತರಲ್ಲ, ಅವ್ವನ್ನ ಕರ್ಕೊಂಡೇ ಹೋಗ್ತೀನಿ.

ಇನ್ನೊಂದು ತಮಾಷೆ. ರಾಗಿ ತಿನ್ನೋರು ಅಂತ ನಮ್ಮನ್ನ ಆಡ್ಕೊಂಡಿದ್ದೇ ಆಡ್ಕೊಂಡಿದ್ದು. 2023ನ್ನ ವಿಶ್ವಸಂಸ್ಥೆ ಸಿರಿಧಾನ್ಯ ವರ್ಷ ಅಂತ ಸಾರಿದ ಮೇಲೆ ಅದೇ ರಾಗಿ ಬಣ್ಣದ ಪ್ಯಾಕೆಟ್ಟಲ್ಲಿ ಕೂತು "ಮಿಲೆಟ್" ಆಗೋಯ್ತು. ಡಬ್ಬಿ ಬಿಚ್ಚಿದ್ರೆ ಸಹೋದ್ಯೋಗಿ ಕೇಳ್ತಾರೆ, "ಡಯಟ್ಟಾ ಸಾರ್?" ಅಲ್ಲ ಸಾರ್, ರೇಷನ್ನು.

ಇಷ್ಟೆಲ್ಲಾ ಬರೆಯೋಕೆ ಕಾರಣ ನಮ್ಮ ಸಂಗಾತಿಗಳು. ಬೆಳಿಗ್ಗೆ ಖಾಲಿ ಹೊಟ್ಟೇಲಿ ಬಸ್ ಹತ್ತಿ, ಧರಣೀಲಿ ನಾಲ್ಕು ಟೀ ಎರಡು ಬೋಂಡಾದಲ್ಲಿ ದಿನ ಕಳೆದು, ಐವತ್ತು ತುಂಬೋದ್ರೊಳಗೆ ಶುಗರ್ರು, ಬಿಪಿ, ಸ್ಟೆಂಟು. ಶ್ರದ್ಧಾಂಜಲಿ ಪೋಸ್ಟ್ ಬರೆದು ಬರೆದು ಕೈ ಸೋತಿದೆ. ಮನೇಲಿ ಮಾಡ್ಕೊಂಡು ತಿನ್ನಿ ಅಂದ್ರೆ, "ಹೆಂಡ್ತಿಗೆ ಹೇಳ್ಬೇಕು" ಅಂತಾರೆ! ಸಮಾನತೆ ಭಾಷಣ ಮಾಡೋ ಬಾಯಲ್ಲೇ. ಆ ಹೆಂಗಸು ಆಗಲೇ ಗಾರ್ಮೆಂಟ್ಸ್ ಬಸ್ಸಿಗೋ, ಕಸ ಗುಡಿಸೋ ಕೆಲಸಕ್ಕೋ ಹೊರಟಾಗಿರುತ್ತೆ. ಅವರು ಬೀದೀಲಿ ಇಡ್ಲಿ ತಿಂದ್ರೆ ಅದನ್ನ ಪ್ರಶ್ನೆ ಮಾಡೋ ಹಕ್ಕು ನಮಗಿಲ್ಲ. ಹಿಟ್ಟು ಕಲಸೋಕೆ ನಮ್ಮ ಕೈಗೇನಾಗಿದೆ?

ಬರೋ ಭಾನುವಾರದ ಮೀಟಿಂಗಿಗೆ ಬೋಂಡಾ ಆರ್ಡರ್ ಬೇಡ ಅಂದಿದ್ದೀನಿ. ಹೆಸರುಕಾಳು ಉಸ್ಲಿ, ಬೇಯಿಸಿದ ಮೊಟ್ಟೆ, ಒಂದು ಕೊಳಗ ಅಂಬಲಿ. ಅಡುಗೆ ಪಾಳಿ ಗಂಡಸರದ್ದು, ಬೆಳಿಗ್ಗೆ ಏಳಕ್ಕೆ ಬನ್ನಿ. ಈರುಳ್ಳಿ ಹೆಚ್ಚೋಕೆ ಇಬ್ಬರು ಇನ್ನೂ ಬೇಕು.

ಜೈ ಭೀಮ್.