ವರದಿ ಕೊಟ್ಟ ಮೇಲೆ ಮತ್ತೆ ಹೋಗಬೇಕು

ಎಂಬಿಎ ವಿದ್ಯಾರ್ಥಿಗಳನ್ನು ನಾಲ್ಕೈದು ಜನರ ತಂಡ ಮಾಡಿ, ಯಾವುದಾದರೂ ಉದ್ಯಮದ ನಿಜವಾದ ತೊಡಕೊಂದನ್ನು ಬಿಡಿಸಿ ಬನ್ನಿ ಎಂದು ಕಳಿಸುವುದು ಈಗ ಮಾಮೂಲು. ಲೈವ್ ಪ್ರಾಜೆಕ್ಟ್, ಕನ್ಸಲ್ಟಿಂಗ್ ಪ್ರಾಜೆಕ್ಟ್ ಎಂದೆಲ್ಲ ಹೆಸರಿದೆ, ಅದಕ್ಕೆ ಕ್ರೆಡಿಟ್ಟೂ ಇದೆ. ನಾನು ಬೆಂಗಳೂರಿನಲ್ಲಿ ಓದುತ್ತಿದ್ದ 1996ರಲ್ಲಿ ನಮ್ಮ ಪಠ್ಯಕ್ರಮದಲ್ಲಿ ಅಂಥದ್ದೇನೂ ಇರಲಿಲ್ಲ. ಬೇಸಿಗೆಯಲ್ಲಿ ಒಬ್ಬೊಬ್ಬರೂ ಒಂದೊಂದು ಕಂಪನಿಗೆ ಹೋಗಿ, ಸೀಲು ಬಿದ್ದ ಸರ್ಟಿಫಿಕೇಟನ್ನೂ ಬೈಂಡ್ ಮಾಡಿಸಿದ ವರದಿಯನ್ನೂ ತಂದರೆ ಮುಗಿಯಿತು. ಕಂಪನಿಯ ಗೇಟು ಕಾಣದವರೂ ವರದಿ ತರುತ್ತಿದ್ದರು. ಹಳೆಯ ಬ್ಯಾಚಿನ ವರದಿಗೆ ಹೊಸ ಹೆಸರು ಹಾಕಿ ಟೈಪ್ ಮಾಡಿಕೊಡುವ ಅಂಗಡಿಗಳಿದ್ದವು. ಆ ಕಾಲ ಪ್ರಾಮಾಣಿಕವಾಗಿತ್ತು ಎಂದು ಯಾರಾದರೂ ಹೇಳಿದರೆ ನಾನು ಒಪ್ಪುವುದಿಲ್ಲ.

ಪ್ರೊಡಕ್ಷನ್ ಮ್ಯಾನೇಜ್‌ಮೆಂಟ್ ಹೇಳಿಕೊಡುತ್ತಿದ್ದ ನಮ್ಮ ಮೇಷ್ಟ್ರು ಮಾತ್ರ ನಾಲ್ವರನ್ನು ಒಟ್ಟಿಗೇ ಪೀಣ್ಯದ ಕೈಗಾರಿಕಾ ಪ್ರದೇಶಕ್ಕೆ ಕಳಿಸಿದರು. ಒಬ್ಬ ಮೆಕ್ಯಾನಿಕಲ್ ಇಂಜಿನಿಯರಿಂಗ್ ಓದಿದವನು, ಒಬ್ಬ ಬಿಎಸ್ಸಿ, ಇನ್ನೊಬ್ಬ ಅರ್ಥಶಾಸ್ತ್ರದ ಬಿಎ, ನಾನು ಬಿಕಾಂ. ಬೇಕೆಂದೇ ಹಾಗೆ ಆರಿಸಿದ್ದರು. ಜಾಲಹಳ್ಳಿ ಕ್ರಾಸಿನಲ್ಲಿ ಬಿಟಿಎಸ್ ಬಸ್ಸಿಳಿದು ತುಮಕೂರು ರಸ್ತೆಯ ಧೂಳಿನಲ್ಲಿ ನಡೆದು ಹೋಗುತ್ತಿದ್ದೆವು. ದೊಡ್ಡ ಕಂಪನಿಗಳಿಗೆ ಜಾಬ್ ವರ್ಕ್ ಮಾಡಿಕೊಡುವ ಸಣ್ಣ ಕಾರ್ಖಾನೆ ಅದು, ಸಾಲಾಗಿ ಕ್ಯಾಪ್‌ಸ್ಟನ್ ಲೇತುಗಳು. ಮಾಲೀಕರು ಮೊದಲ ದಿನವೇ ನೇರವಾಗಿ ಹೇಳಿದರು: “ಡೆಲಿವರಿ ಲೇಟಾಗ್ತಿದೆ. ಹೊಸ ಮಷೀನ್ ತಗೋಬೇಕಾ, ಬೇಡ್ವಾ? ಅಷ್ಟು ಹೇಳಿದ್ರೆ ಸಾಕಪ್ಪಾ.”

ಹುಡುಗರು ಮೂವರೂ ಶಾಪ್ ಫ್ಲೋರಿಗೆ ಹೋದರು. ನನಗೆ ಮಾತ್ರ ಮಾಲೀಕರು, “ನೀನು ಇಲ್ಲೇ ಆಫೀಸಲ್ಲಿ ಕೂತು ಲೆಕ್ಕ ನೋಡಮ್ಮ, ಒಳಗೆಲ್ಲ ಎಣ್ಣೆ, ಮಣ್ಣು” ಎಂದರು. ಹುಡುಗಿ ಎನ್ನುವುದು ಬಿಟ್ಟರೆ ಅದಕ್ಕೆ ಬೇರೆ ಕಾರಣವಿರಲಿಲ್ಲ. ಮೇಷ್ಟ್ರು ಬಂದು ಮಾತಾಡುವ ತನಕ ನನಗೆ ಲೇತಿನ ಹತ್ತಿರ ಹೋಗಲಾಗಲಿಲ್ಲ. ಅಲ್ಲಿಯವರೆಗೆ ನನ್ನ ಪಾಲಿಗಿದ್ದದ್ದು ಬಿಲ್ಲಿನ ಫೈಲು.

ಒಳಗೆ ಹೋದಾಗ ಕಂಡದ್ದು ಇಷ್ಟು. ಕ್ಯಾಪ್‌ಸ್ಟನ್ ಲೇತಿನಲ್ಲಿ ರಾಡನ್ನು ಕಾಲೆಟ್ ಹಿಡಿದಿರುತ್ತದೆ. ರಾಡಿನ ವ್ಯಾಸ ಬದಲಾದರೆ ಕಾಲೆಟ್ಟೂ ಬದಲಾಗಬೇಕು, ಟೂಲುಗಳನ್ನು ಮತ್ತೆ ಹೊಂದಿಸಬೇಕು. ಇದಕ್ಕೆ ಸೆಟ್ಟಿಂಗ್ ಎನ್ನುತ್ತಾರೆ. ಸೆಟ್ಟಿಂಗ್ ಆದ ಮೇಲೆ ತಯಾರಾದ ಮೊದಲ ಪೀಸನ್ನು ಇನ್‌ಸ್ಪೆಕ್ಟರ್ ಅಳೆದು ಓಕೆ ಎನ್ನುವವರೆಗೂ ಆಪರೇಟರ್ ಕೈಕಟ್ಟಿ ನಿಲ್ಲಬೇಕು. ಇದ್ದದ್ದು ಒಬ್ಬನೇ ಇನ್‌ಸ್ಪೆಕ್ಟರ್. ನಾವು ಗಡಿಯಾರ ನೋಡಿಕೊಂಡು ಬರೆಯತೊಡಗಿದಾಗ ಹಿರಿಯ ಆಪರೇಟರ್ ಒಬ್ಬರು ಕೇಳಿದರು: “ಏನ್ ಬರ್ಕೋತಿದೀಯಮ್ಮ? ನಮ್ ಓಟಿ ಕಟ್ ಮಾಡ್ಸೋಕಾ?” ಅವರ ಅನುಮಾನ ನ್ಯಾಯವಾದದ್ದೇ. ಕೆಲಸದ ವೇಳೆ ಅಳೆಯಲು ಬಂದವರಿಂದ ಕಾರ್ಮಿಕರಿಗೆ ಒಳ್ಳೆಯದಾದ ನಿದರ್ಶನಗಳು ಕಡಿಮೆ. ಬರೆದುಕೊಂಡದ್ದನ್ನೆಲ್ಲ ದಿನಾ ಸಂಜೆ ಅವರಿಗೇ ಓದಿ ಹೇಳುವುದೆಂದು ಗೊತ್ತು ಮಾಡಿಕೊಂಡೆವು. ಆಮೇಲೆ ಅವರೇ ತಿದ್ದತೊಡಗಿದರು: ಇಷ್ಟು ಹೊತ್ತು ಹೋದದ್ದು ಕಾಲೆಟ್ ಬದಲಿಸಲು ಅಲ್ಲ, ಅದನ್ನು ಹುಡುಕಲು, ಇಷ್ಟು ಹೊತ್ತು ಇನ್‌ಸ್ಪೆಕ್ಷನ್‌ಗೆ ಕಾದದ್ದು.

ತಂಡದೊಳಗೆ ಜಗಳ ಶುರುವಾದದ್ದು ಆಗ. ಇಂಜಿನಿಯರ್ ಸಿಎನ್‌ಸಿ ಯಂತ್ರ ಕೊಳ್ಳಬೇಕು ಎಂದ. ನಾನು ಬಿಲ್ಲಿನ ಫೈಲು ಮುಂದಿಟ್ಟೆ. ಕಳಿಸಿದ ಮಾಲಿಗೆ ದುಡ್ಡು ಬರಲು ಮೂರು ತಿಂಗಳು, ಕೆಲವಕ್ಕೆ ನಾಲ್ಕು. ಕೂಲಿಯನ್ನಂತೂ ಪ್ರತಿ ಶನಿವಾರ ಕೊಡಲೇಬೇಕು. ಸಾಲ ಮಾಡಿ ಯಂತ್ರ ತಂದರೆ ಕಂತು ಕಟ್ಟಲು ದುಡ್ಡೆಲ್ಲಿ? ಸಣ್ಣ ಕೈಗಾರಿಕೆಗಳಿಗೆ ಬರಬೇಕಾದ ಹಣ ತಡವಾದರೆ ಬಡ್ಡಿ ಕೊಡಬೇಕೆಂಬ ಕಾನೂನು 1993ರಲ್ಲೇ ಬಂದಿತ್ತು. ಬಿಎ ಓದಿದವನು ಅದನ್ನು ಲೈಬ್ರರಿಯಲ್ಲಿ ಹುಡುಕಿ ತಂದ. ಮಾಲೀಕರು ಓದಿ ವಾಪಸ್ ಕೊಟ್ಟರು. “ಬಡ್ಡಿ ಕೇಳಿದ್ರೆ ಬಡ್ಡಿ ಬರ್ಬೋದು, ಮುಂದಿನ ಆರ್ಡರ್ ಬರಲ್ಲ.” ಎರಡು ವಾದಗಳ ನಡುವೆ ಉಳಿದದ್ದು ಆಪರೇಟರ್ ಹೇಳಿದ ದಾರಿ. ಆರ್ಡರುಗಳನ್ನು ಬಂದ ಸಾಲಿನಲ್ಲಿ ಹತ್ತಿಸುವ ಬದಲು, ಒಂದೇ ವ್ಯಾಸದ ರಾಡಿನ ಕೆಲಸಗಳನ್ನು ಒಟ್ಟಿಗೆ ಮಾಡುವುದು. ಕಾಲೆಟ್ಟುಗಳಿಗೆ ಅಳತೆ ಬರೆದ ಹಲಗೆ ಹೊಡೆಸುವುದು. ಸೆಟ್ಟಿಂಗ್ ಮುಗಿಯುವ ಹೊತ್ತಿಗೆ ಇನ್‌ಸ್ಪೆಕ್ಟರ್ ಅಲ್ಲಿರುವಂತೆ ನೋಡಿಕೊಳ್ಳುವುದು. ಯಂತ್ರ ಈಗ ಬೇಡ ಎಂದು ಬರೆದುಕೊಟ್ಟೆವು. ಒಬ್ಬೊಬ್ಬರೇ ಹೋಗಿದ್ದರೆ ನಾಲ್ಕು ಅರೆಬರೆ ವರದಿಗಳಾಗುತ್ತಿದ್ದವು.

ಅಂಕ ಬಂದು, ಎಲ್ಲ ಮುಗಿದ ಮೇಲೆ, ದೀಪಾವಳಿ ಕಳೆಯುತ್ತಿದ್ದಂತೆ ಮೇಷ್ಟ್ರು ನಮ್ಮನ್ನು ಮತ್ತೆ ಅಲ್ಲಿಗೇ ಅಟ್ಟಿದರು. “ನೀವು ಹೇಳಿದ್ದು ನಡೀತಿದೆಯಾ ನೋಡ್ಕೊಂಡು ಬನ್ನಿ.” ಕಾಲೆಟ್ ಹಲಗೆ ಗೋಡೆಯ ಮೇಲಿತ್ತು. ವ್ಯಾಸದ ಪ್ರಕಾರ ಕೆಲಸ ಜೋಡಿಸುವುದು ಮಾಮೂಲಿ ಆರ್ಡರುಗಳಿಗೆ ನಡೆಯುತ್ತಿತ್ತು, ದೊಡ್ಡ ಪಾರ್ಟಿಯಿಂದ ಅರ್ಜೆಂಟ್ ಫೋನ್ ಬಂದ ದಿನ ಸಾಲು ತಪ್ಪುತ್ತಿತ್ತು. ಅದಕ್ಕೆ ಆಪರೇಟರುಗಳೇ ಉಪಾಯ ಮಾಡಿ, ಒಂದು ಲೇತನ್ನು ಅರ್ಜೆಂಟ್ ಕೆಲಸಕ್ಕೆಂದು ಬಿಟ್ಟಿದ್ದರು. ಸಲಹೆಯೊಂದು ಕೆಲಸ ಮಾಡುವವರ ಕೈಗೆ ಸಿಕ್ಕಿ ಹೇಗೆ ಬೇರೆಯಾಗುತ್ತದೆ, ಬೇರೆಯಾಗಿಯೇ ಹೇಗೆ ಉಳಿಯುತ್ತದೆ ಎಂಬುದನ್ನು ನಾನು ಕಲಿತದ್ದು ಆ ಎರಡನೆಯ ಭೇಟಿಯಲ್ಲಿ.

ಹೊರಗಿನ ಜಗತ್ತಿನಲ್ಲಿ ವಿದ್ಯಾರ್ಥಿಗಳನ್ನು ಹೀಗೆ ತಂಡ ಕಟ್ಟಿ ಕಳಿಸುವುದು ಆಗಲೇ ಪದ್ಧತಿಯಾಗುತ್ತಿತ್ತು. ಅಮೆರಿಕದ ಮಿಶಿಗನ್ ವಿಶ್ವವಿದ್ಯಾಲಯದ ಬ್ಯುಸಿನೆಸ್ ಸ್ಕೂಲು ಎಂಬಿಎ ತಂಡಗಳನ್ನು ಕಂಪನಿಗಳಿಗೆ ಕಳಿಸುವ ಕಾರ್ಯಕ್ರಮವನ್ನು 1992ರಲ್ಲಿ ಶುರು ಮಾಡಿತ್ತು. ಎಂಐಟಿಯ ಸ್ಲೋನ್ ಸ್ಕೂಲಿನ ಗ್ಲೋಬಲ್ ಲ್ಯಾಬ್ 2000ದಲ್ಲಿ ಬಂತು. ಕೇಸ್ ಪದ್ಧತಿಗೆ ಹೆಸರಾದ ಹಾರ್ವರ್ಡ್ ಕೂಡ 2011ರಲ್ಲಿ ‘ಫೀಲ್ಡ್’ ಎಂಬ ಕೋರ್ಸು ಸೇರಿಸಿ ವಿದ್ಯಾರ್ಥಿಗಳನ್ನು ತಂಡ ಕಟ್ಟಿ ದೇಶ ದೇಶಗಳಿಗೆ ಕಳಿಸಿತು. ನಮ್ಮ ಕಾಲೇಜುಗಳೂ ಆಮೇಲೆ ಇದೇ ದಾರಿ ಹಿಡಿದವು.

ಈಗ ನಾನು ಇಂಥ ತಂಡಗಳಿಗೆ ಗೈಡ್. ಮಕ್ಕಳು ಪೀಣ್ಯಕ್ಕೆ ಮೆಟ್ರೊದಲ್ಲಿ ಹೋಗುತ್ತಾರೆ. 2014ರ ಮಾರ್ಚಿನಿಂದ ಅಲ್ಲಿಗೆ ಹಸಿರು ಮಾರ್ಗವಿದೆ. ಸಿಎನ್‌ಸಿ ಯಂತ್ರ ತಾನೇ ವೇಳೆ ಲೆಕ್ಕ ಇಡುತ್ತದೆ. ಟ್ಯಾಲಿ ಇದೆ, 2017ರ ಜುಲೈನಿಂದ ಜಿಎಸ್‌ಟಿ ರಿಟರ್ನುಗಳಿವೆ. ನಾವು ವಾರಗಟ್ಟಲೆ ಕೂತು ಕೂಡಿಹಾಕಿದ್ದನ್ನು ಅವರು ಎರಡು ದಿನದಲ್ಲಿ ಪಡೆಯುತ್ತಾರೆ. ಹುಡುಗಿಯರು ಸೇಫ್ಟಿ ಶೂ ಹಾಕಿ ನೇರವಾಗಿ ಫ್ಲೋರಿಗೆ ಹೋಗುತ್ತಾರೆ, ಯಾರ ಶಿಫಾರಸೂ ಬೇಕಿಲ್ಲ. ಇವೆಲ್ಲ ನಿಜವಾದ ಸುಧಾರಣೆಗಳು, ಇವುಗಳಲ್ಲಿ ಒಂದನ್ನೂ ನಾನು ಹಳೆಯ ಕಾಲಕ್ಕೆ ಬಿಟ್ಟುಕೊಡಲಾರೆ.

ಸಮಸ್ಯೆ ಮಾತ್ರ ಅದೇ ಇದೆ. ಇತ್ತೀಚಿನ ಒಂದು ತಂಡಕ್ಕೂ ಸಿಕ್ಕಿದ್ದು ಬಾಕಿ ಹಣದ ಕಥೆಯೇ. ಕಾನೂನು ಈಗ ಗಟ್ಟಿಯಾಗಿದೆ. 2006ರ ಎಂಎಸ್‌ಎಂಇ ಕಾಯ್ದೆಯ ಪ್ರಕಾರ, ಒಪ್ಪಂದ ಏನೇ ಇದ್ದರೂ ಸಣ್ಣ ಉದ್ಯಮಕ್ಕೆ 45 ದಿನದೊಳಗೆ ಹಣ ಕೊಡಬೇಕು, ತಪ್ಪಿದರೆ ಬ್ಯಾಂಕ್ ದರದ ಮೂರು ಪಟ್ಟು ಚಕ್ರಬಡ್ಡಿ. ತಡ ಮಾಡಿದ ಖರೀದಿದಾರರಿಗೆ ಬಾಕಿ ಹಣವನ್ನು ಆ ವರ್ಷದ ಖರ್ಚಾಗಿ ತೋರಿಸಲು ಬಿಡದ ಆದಾಯ ತೆರಿಗೆ ನಿಯಮವೂ 2024ರ ಏಪ್ರಿಲ್‌ನಿಂದ ಬಂತು. ಬಿಲ್ಲನ್ನು ಹರಾಜಿಗಿಟ್ಟು ಮುಂಚೆಯೇ ಹಣ ಪಡೆಯುವ ಟ್ರೆಡ್ಸ್ ಇದೆ. ತಂಡ ಮೊದಲು ಬರೆದುಕೊಂಡು ಹೋದದ್ದು ಟ್ರೆಡ್ಸ್ ಬಗ್ಗೆ. ಮಾಲೀಕರು ಕೇಳಿದರು: “ಪಾರ್ಟಿ ಬಿಲ್ ಆಕ್ಸೆಪ್ಟ್ ಮಾಡಿದ್ರೆ ತಾನೇ ಮೇಡಮ್?”

ಮಕ್ಕಳು ಅಲ್ಲಿಗೆ ಬಿಡಲಿಲ್ಲ ಎಂಬುದು ನನಗೆ ಹೆಮ್ಮೆ. ಅವರಲ್ಲೊಬ್ಬಳು ಕಾಯ್ದೆಯ ವ್ಯಾಖ್ಯೆಗಳನ್ನು ಕೂತು ಓದಿದಳು. ಖರೀದಿಸಿದ ಕಂಪನಿ ಮಾಲು ಇಳಿಸಿಕೊಂಡು, “ಇನ್ನೂ ಇನ್‌ಸ್ಪೆಕ್ಷನ್‌ನಲ್ಲಿದೆ” ಎಂದು ವಾರಗಟ್ಟಲೆ ಮಾಲು ಒಪ್ಪಿಕೊಂಡ ದಿನಾಂಕವನ್ನೇ ಕೊಡುತ್ತಿರಲಿಲ್ಲ. ಮಾಲು ಮುಟ್ಟಿದ 15 ದಿನದೊಳಗೆ ಲಿಖಿತ ಆಕ್ಷೇಪ ಬಾರದಿದ್ದರೆ, ಮುಟ್ಟಿದ ದಿನವೇ ಒಪ್ಪಿಕೊಂಡಂತೆ ಎನ್ನುತ್ತದೆ ಕಾಯ್ದೆ. ಹಾಗಾದರೆ ಮುಟ್ಟಿದ ದಿನಕ್ಕೆ ಪುರಾವೆ ಬೇಕು. ಡೆಲಿವರಿ ಚಲನ್ ತೆರೆದು ನೋಡಿದರೆ ಅರ್ಧಕ್ಕರ್ಧದ ಮೇಲೆ ಗೇಟಿನ ಸೀಲು ಇದೆ, ದಿನಾಂಕ ಇಲ್ಲ. ಡ್ರೈವರ್ ಸೀಲೂ ದಿನಾಂಕವೂ ಇಲ್ಲದ ಚಲನ್ ಹಿಡಿದು ವಾಪಸ್ ಬರಬಾರದು, ಹದಿನಾರನೆಯ ದಿನ ಆಫೀಸಿನಿಂದ ಒಂದು ಮರ್ಯಾದೆಯ ಮೇಲ್ ಹೋಗಬೇಕು: ಇದು ಅವರ ಸಲಹೆ. ಜಗಳವಿಲ್ಲ, ಕೋರ್ಟಿಲ್ಲ, ಖರ್ಚಿಲ್ಲ. ಮಾಲೀಕರು ಡ್ರೈವರನ್ನು ಅಲ್ಲೇ ಕರೆಸಿ ಹೇಳಿದರು.

ಪ್ರೆಸೆಂಟೇಷನ್ ಆಯಿತು, ಅಂಕ ಬಂತು, ಕ್ರೆಡಿಟ್ ಮುಗಿಯಿತು. ಆರು ತಿಂಗಳಾದ ಮೇಲೆ ಚಲನ್ ಮೇಲೆ ದಿನಾಂಕ ಬೀಳುತ್ತಿದೆಯೇ, ಮೇಲ್ ಕಂಡ ಖರೀದಿ ವಿಭಾಗದವರು ಏನಂದರು ಎಂದು ನೋಡಲು ಆ ತಂಡದವರು ಹೋಗಲಿಲ್ಲ. ಹೋಗಬೇಕೆಂಬ ನಿಯಮವಿಲ್ಲ. ಅಷ್ಟರಲ್ಲಿ ಪ್ಲೇಸ್‌ಮೆಂಟ್ ಶುರುವಾಗಿರುತ್ತದೆ, ಉದ್ಯಮಕ್ಕೆ ಮುಂದಿನ ಬ್ಯಾಚು ಹೊಸ ವಿಷಯ ಹಿಡಿದು ಬರುತ್ತದೆ. ಇದರಲ್ಲಿ ಮಕ್ಕಳ ತಪ್ಪೇನೂ ಇಲ್ಲ. ನಮ್ಮನ್ನು ಮತ್ತೆ ಕಳಿಸಿದ್ದು ಒಬ್ಬ ಮೇಷ್ಟ್ರ ಹಟ, ಅವರು ನಿವೃತ್ತರಾದ ಮೇಲೆ ಅದೂ ಹೋಯಿತು. ಒಬ್ಬರ ಸ್ವಭಾವದ ಮೇಲೆ ನಿಂತ ಒಳ್ಳೆಯ ರೂಢಿಗೆ ಅಷ್ಟೇ ಆಯುಸ್ಸು.

ಹಾಗಾಗಿ ಅದು ನಿಯಮವಾಗಬೇಕು ಎಂದು ನಾನು ಬೋರ್ಡ್ ಆಫ್ ಸ್ಟಡೀಸಿನ ಮುಂದೆ ಹೇಳುತ್ತ ಬಂದಿದ್ದೇನೆ. ಪ್ರಾಜೆಕ್ಟನ್ನು ಮೂರನೆಯ ಸೆಮಿಸ್ಟರಿನ ಮೊದಲಿಗೇ ಮುಗಿಸಿ, ಕಾಲು ಭಾಗ ಅಂಕವನ್ನು ನಾಲ್ಕನೆಯ ಸೆಮಿಸ್ಟರಿನ ಎರಡನೆಯ ಭೇಟಿಗೆ ಹಿಡಿದಿಡಲಿ. ಆ ಅಂಕವನ್ನು ಸಲಹೆ ಗೆದ್ದದ್ದಕ್ಕೆ ಕೊಡಬೇಕಿಲ್ಲ. ಏನು ನಿಂತಿತು, ಏನು ಬಿದ್ದಿತು, ಕೆಲಸದವರು ಅದನ್ನು ಹೇಗೆ ಬದಲಿಸಿಕೊಂಡರು ಎಂದು ಸರಿಯಾಗಿ ಬರೆದುಕೊಂಡು ಬಂದದ್ದಕ್ಕೆ ಕೊಡಲಿ. ಮಾಲೀಕರ ಮಾತಿನ ಜತೆ ಆಪರೇಟರುಗಳ ಮಾತೂ ಅದರಲ್ಲಿರಲಿ. ವೇಳಾಪಟ್ಟಿ ಕಷ್ಟ ಎನ್ನುತ್ತಾರೆ. ಎರಡು ವರ್ಷದ ಕೋರ್ಸಿನಲ್ಲಿ ಎರಡು ದಿನ ಹೊಂದಿಸುವುದು ಅಷ್ಟು ಕಷ್ಟವಲ್ಲ. ನಾಳೆ ಇದೇ ಮಕ್ಕಳು ದೊಡ್ಡ ಸಂಬಳಕ್ಕೆ ದೊಡ್ಡ ಕಂಪನಿಗಳಿಗೆ ಸಲಹೆ ಕೊಡುವವರಾಗುತ್ತಾರೆ. ಕೊಟ್ಟ ಸಲಹೆಗೆ ತಾನು ಹೊಣೆ ಎನ್ನುವುದನ್ನು ಅವರು ಕಾಲೇಜಿನಲ್ಲೇ ಕಲಿತು ಹೋಗಬೇಕು.