ಇಪ್ಪತ್ತು ಸೆಕೆಂಡಿನ ಕತ್ತಲು

ಮಗಳಿಗೆ ಹದಿಮೂರು. ನಾನು ಕನ್ನಡದಲ್ಲಿ ಕೇಳಿದ್ದಕ್ಕೆ ಅವಳು ಇಂಗ್ಲಿಷಿನಲ್ಲಿ ಉತ್ತರ ಕೊಡಲು ಶುರು ಮಾಡಿ ಎರಡು ವರ್ಷವಾಯಿತು. ನಿಮ್ಮ ಮನೆಯಲ್ಲೂ ಹೀಗೇ ಇದ್ದರೆ ಆಶ್ಚರ್ಯವಿಲ್ಲ. ಭಾನುವಾರ ಅರಸೀಕೆರೆಗೆ ಫೋನ್ ಮಾಡಿದರೆ ತಾತ "ಊಟ ಆಯ್ತಾ?" ಅನ್ನುತ್ತಾರೆ, ಇವಳು "ಆಯ್ತು" ಅನ್ನುತ್ತಾಳೆ, ಫೋನ್ ನನ್ನ ಕೈಗೆ ಬರುತ್ತದೆ. ಅಪ್ಪನಿಗೆ ಎಂಬತ್ತು ದಾಟಿದೆ. ಇನ್ನೆಷ್ಟು ಭಾನುವಾರ ಹೀಗೆ ಎಂಬ ಯೋಚನೆ ನನ್ನನ್ನು ಬಿಡುತ್ತಿರಲಿಲ್ಲ.

ರಾತ್ರಿ ಆಕಾಶದ ಫೋಟೊ ತೆಗೆಯುವುದನ್ನು ಕಲಿಯಬೇಕೆಂಬುದು ಅವಳದೇ ಆಸೆ. ಮೇ ತಿಂಗಳ ಅಮಾವಾಸ್ಯೆಯ ವಾರಾಂತ್ಯದಲ್ಲಿ ಜೋಶುವಾ ಟ್ರೀ ರಾಷ್ಟ್ರೀಯ ಉದ್ಯಾನದಲ್ಲಿ ಒಂದು ಕಾರ್ಯಾಗಾರವಿತ್ತು, ಇಬ್ಬರೂ ಸೇರಿದೆವು. ಲಾಸ್ ಏಂಜಲೀಸ್‌ನಿಂದ ಎರಡೂವರೆ ಗಂಟೆಯ ದಾರಿ. 2017ರಲ್ಲಿ ಇದಕ್ಕೆ ಅಂತರರಾಷ್ಟ್ರೀಯ ಡಾರ್ಕ್ ಸ್ಕೈ ಪಾರ್ಕ್ ಎಂಬ ಮಾನ್ಯತೆ ಸಿಕ್ಕಿದೆ. ಹಾಗೆಂದು ಪೂರ್ತಿ ಕತ್ತಲೇನಲ್ಲ, ಪಾಮ್ ಸ್ಪ್ರಿಂಗ್ಸ್ ಕಡೆಯ ದೀಪಗಳ ಮಬ್ಬು ಒಂದು ದಿಕ್ಕಿನಲ್ಲಿ ಇದ್ದೇ ಇರುತ್ತದೆ.

ಕಲಿಸುವವರು ಮೊದಲು ಹೇಳಿದ್ದು, ಬೆಳಕಿರುವಾಗಲೇ ಬಂಡೆ ಆರಿಸಿಕೊಂಡು ಟ್ರೈಪಾಡ್ ನಿಲ್ಲಿಸಿ ಎಂದು. ಮುಸ್ಸಂಜೆಯಲ್ಲಿ ಬಂಡೆಯದೊಂದು ಫೋಟೊ, ಆಮೇಲೆ ಟ್ರೈಪಾಡ್ ಕದಲಿಸದೆ ನಕ್ಷತ್ರಗಳದು. ಎರಡನ್ನೂ ಕಂಪ್ಯೂಟರಿನಲ್ಲಿ ಸೇರಿಸುವುದು. ನಮ್ಮದು 20 ಮಿ.ಮೀ. ಲೆನ್ಸ್, ಎಫ್ 2.8, ಐಎಸ್‌ಒ 3200. ಫುಲ್ ಫ್ರೇಮ್ ಕ್ಯಾಮೆರಾ ಆದರೆ 500ನ್ನು ಲೆನ್ಸಿನ ಮಿಲಿಮೀಟರಿನಿಂದ ಭಾಗಿಸಿ, ಅಷ್ಟು ಸೆಕೆಂಡಿಗಿಂತ ಹೆಚ್ಚು ತೆರೆದಿಟ್ಟರೆ ಭೂಮಿ ತಿರುಗುವುದರಿಂದ ನಕ್ಷತ್ರಗಳು ಗೆರೆಯಾಗುತ್ತವೆ. ನಮಗೆ 25 ಬಂತು, 20ಕ್ಕೆ ಇಟ್ಟೆವು. ಕತ್ತಲಲ್ಲಿ ಆಟೊಫೋಕಸ್ ಕೆಲಸ ಮಾಡುವುದಿಲ್ಲ. ಪರದೆಯಲ್ಲಿ ಒಂದು ದೊಡ್ಡ ನಕ್ಷತ್ರವನ್ನು ಹಿಗ್ಗಿಸಿಕೊಂಡು, ಅದು ಸಾಸಿವೆಯಷ್ಟಾಗುವ ತನಕ ಕೈಯಿಂದಲೇ ತಿರುಗಿಸಬೇಕು. ಇದರಲ್ಲಿ ಅವಳ ಬೆರಳು ನನ್ನದಕ್ಕಿಂತ ಚುರುಕು.

ಕಣ್ಣು ಕತ್ತಲಿಗೆ ಹೊಂದಲು 20–30 ನಿಮಿಷ ಬೇಕು, ಒಂದು ಸಲ ಫೋನ್ ನೋಡಿದರೆ ಎಲ್ಲ ಮೊದಲಿಂದ. ಹಾಗಾಗಿ ಫೋನ್‌ಗಳೆಲ್ಲ ಚೀಲದೊಳಗೆ, ಹಣೆಯಲ್ಲಿ ಕೆಂಪು ದೀಪ, ಮಾತು ಪಿಸುದನಿಯಲ್ಲಿ. ಶಟರ್ ತೆರೆದಾಗಲೆಲ್ಲ ಇಪ್ಪತ್ತು ಸೆಕೆಂಡ್ ಸುಮ್ಮನೆ ನಿಂತು ಮೇಲೆ ನೋಡುವುದಷ್ಟೇ ಕೆಲಸ.

ನಕ್ಷತ್ರಗಳ ನಮ್ಮ ಹೆಸರುಗಳನ್ನು ನಾನು ಹೊರಡುವ ಮುಂಚೆ ನೋಡಿಕೊಂಡಿದ್ದೆ. ಆದರೆ ಹೇಳಲು ಹೋಗಲಿಲ್ಲ. ಪಾಠದ ವಾಸನೆ ಬಂದರೆ ಇವಳು ಓಡುತ್ತಾಳೆ! ಅವಳೇ ಕೇಳಿದಳು, "ಅಮ್ಮಾ, ಆ ರೆಡ್ ಒನ್ ಯಾವ್ದು?" ಜ್ಯೇಷ್ಠಾ ಅಂದೆ. ನೆತ್ತಿಯ ಮೇಲಿದ್ದ ಸಪ್ತರ್ಷಿ ಮಂಡಲದ ಬಾಲವನ್ನು ಹಾಗೇ ಬಾಗಿಸಿಕೊಂಡು ಬಂದರೆ ಸ್ವಾತಿ, ಇನ್ನೂ ಮುಂದೆ ಚಿತ್ತಾ. "ಸ್ವಾತಿ ಚಿಕ್ಕಮ್ಮನ ಹೆಸರಲ್ವಾ!" ಎಂದು ಪಿಸುದನಿ ಮರೆತು ಕೂಗಿದಳು. ಹನ್ನೊಂದರ ಮೇಲೆ ಆಕಾಶಗಂಗೆಯ ದಟ್ಟ ಭಾಗ ಬಂಡೆಯ ಹಿಂದಿನಿಂದ ಎದ್ದಿತು. ವೃಶ್ಚಿಕದ ಬಾಲದಲ್ಲಿರುವುದು ಮೂಲಾ ನಕ್ಷತ್ರ. ಮೂಲ ಅಂದರೆ ಬೇರು. ನಮ್ಮ ಗ್ಯಾಲಕ್ಸಿಯ ಕೇಂದ್ರವೂ ಅದೇ ದಿಕ್ಕಿನಲ್ಲಿದೆ. ಹಳಬರಿಗೆ ಅದು ಗೊತ್ತಿತ್ತು ಎಂದು ನಾನು ವಾದಿಸುವುದಿಲ್ಲ, ಕಾಕತಾಳೀಯವೇ ಇರಬಹುದು. ಅವಳಿಗೆ ಮಾತ್ರ ಅದು ಬಹಳ ಹಿಡಿಸಿತು. ಆ ರಾತ್ರಿ ಅವಳ ಮಾತಿನಲ್ಲಿ ಅರ್ಧ ಇಂಗ್ಲಿಷೇ ಇತ್ತು, ನಾನು ತಿದ್ದಲಿಲ್ಲ.

ಮುಂದಿನ ಭಾನುವಾರ ಫೋಟೊ ವಾಟ್ಸಾಪಿನಲ್ಲಿ ತಾತನಿಗೆ ಹೋಯಿತು. ಅಪ್ಪ ರಾಗಿ ಬಿತ್ತನೆಯ ಲೆಕ್ಕವನ್ನು ಮಳೆ ನಕ್ಷತ್ರದಲ್ಲೇ ಹೇಳುವವರು. "ಇದ್ರಲ್ಲಿ ಆರಿದ್ರಾ ಎಲ್ಲೈತವ್ವಾ?" ಎಂದರು.

"ಅದು ಸಂಜೇನೇ ಮುಳುಗೋಯ್ತು ತಾತ. ನಿಮ್ ಮಳೆ ಟೈಮಲ್ಲಂತೂ ಕಾಣೋದೇ ಇಲ್ಲ, ಸನ್ ಅದರ ಪಕ್ಕದಲ್ಲೇ ಇರ್ತಾನೆ."

ಜೂನ್ 22ರ ಸುಮಾರಿಗೆ ಸೂರ್ಯ ಆರಿದ್ರಾಕ್ಕೆ ಬಂದಾಗಲೇ ಆರಿದ್ರಾ ಮಳೆ ಶುರುವಾಗುವುದು. ಆಗ ಆ ನಕ್ಷತ್ರ ಹಗಲಿನ ಬೆಳಕಿನಲ್ಲಿ ಮುಚ್ಚಿಹೋಗಿರುತ್ತದೆ.

ಆ ಕಡೆ ಸ್ವಲ್ಪ ಹೊತ್ತು ಸದ್ದಿಲ್ಲ. ಆಮೇಲೆ, "ಇಷ್ಟು ವರ್ಷ ಆ ಮಳೆಗೆ ಕಾದಿದೀನಿ, ನಕ್ಷತ್ರ ನೋಡೇ ಇಲ್ವಲ್ಲವ್ವಾ" ಎಂದರು.

"ಡಿಸೆಂಬರಲ್ಲಿ ಬರ್ತೀವಲ್ಲ, ರಾತ್ರಿ ಊಟ ಆದ್ಮೇಲೆ ತೋರಿಸ್ತೀನಿ. ಪೂರ್ವಕ್ಕೆ."

ಟ್ರೈಪಾಡ್ ಯಾವ ಸೂಟ್‌ಕೇಸಿನಲ್ಲಿ ಹಿಡಿಯುತ್ತದೆ ಎಂದು ಈಗಲೇ ಅಳೆದು ನೋಡುತ್ತಿದ್ದಾಳೆ.