ಎರೆಮಣ್ಣಿನ ಮೇಲೆ ಹಳಿ

ನಾನು ಹುಟ್ಟಿದ್ದು ಆಳಂದ ತಾಲೂಕಿನಲ್ಲಿ, ಇರುವುದು ಅಫಜಲಪುರ ತಾಲೂಕಿನಲ್ಲಿ, ಮಗಳನ್ನು ಕೊಟ್ಟದ್ದು ಜೇವರ್ಗಿಗೆ. ಈ ಮೂರೂ ಪಟ್ಟಣಗಳಲ್ಲಿ ರೈಲು ನಿಲ್ದಾಣವಿಲ್ಲ. ನಮಗೆ ಹತ್ತಿರವೆಂದರೆ ಚೌಡಾಪುರದ ಗಾಣಗಾಪುರ ರೋಡ್ ನಿಲ್ದಾಣ. ಕಳೆದ ಮೇ ತಿಂಗಳಲ್ಲಿ ಪುಣೆಗೆ ದುಡಿಯಲು ಹೋದ ಅಳಿಯ ಊರಿಗೆ ಬರುವವನಿದ್ದ. ರಜೆಗೆ ಬಂದಿದ್ದ ಮೊಮ್ಮಗಳನ್ನು ಕರೆದುಕೊಂಡು ನಿಲ್ದಾಣಕ್ಕೆ ಹೋದೆ. ಅಪ್ಪನ ಮುಖ ನೋಡಿ ಅವಳಿಗೆ ಆರು ತಿಂಗಳಾಗಿತ್ತು. ಅವನಿಗೆಂದು ಮಣ್ಣಿನ ಗಡಿಗೆಯ ತಣ್ಣೀರನ್ನು ಬಾಟಲಿಯಲ್ಲಿ ತುಂಬಿ ತಂದಿದ್ದಳು.

ರೈಲು ತಡವಾಗಿತ್ತು. ಹುಡುಗಿಗೆ ಸಿಟ್ಟು ಬಂತು.

"ಮುತ್ಯಾ, ನಮ್ಮ ಜೇವರ್ಗಿಗಿ ರೈಲ್ ಯಾಕಿಲ್ಲ? ಭೂಮಿ ಎಲ್ಲಾ ಸಪಾಟ ಅದ. ಹಳಿ ಹಾಸಿದ್ರ ಆಯ್ತಲ್ಲ?"

ನಿಲ್ದಾಣದ ಹೊರಗೆ ತೊಗರಿ ಕಿತ್ತ ಹೊಲವಿತ್ತು. ಅಲ್ಲಿಗೆ ಕರೆದೊಯ್ದು, ಒಂದು ಬಿರುಕಿನಲ್ಲಿ ಬೇವಿನ ಕಡ್ಡಿ ಇಳಿಬಿಡಲು ಹೇಳಿದೆ. ಮೊಳದುದ್ದದ ಕಡ್ಡಿ ಪೂರ್ತಿ ಇಳಿಯಿತು. ಹುಡುಗಿ ಕಣ್ಣರಳಿಸಿದಳು.

"ಇದು ಎರೆಮಣ್ಣು. ಮಳಿಗಾಲದಾಗ ನೀರು ಕುಡಿದು ಉಬ್ಬತದ, ಬ್ಯಾಸಗ್ಯಾಗ ಒಣಗಿ ಬಿರಿತದ. ಇದರ ಮ್ಯಾಲ ಹಳಿ ಹಾಸಿದ್ರ ಒಂದು ಕಡೆ ಏಳತದ, ಇನ್ನೊಂದು ಕಡೆ ಕುಸಿತದ" ಎಂದೆ.

ರಾಜಸ್ಥಾನದ ಬಾಡಮೇರ್ ಕಡೆ ಗಾಳಿ ಬೀಸಿದರೆ ಮರಳು ಬಂದು ಹಳಿಯನ್ನೇ ಮುಚ್ಚುತ್ತದೆ. ಅಲ್ಲಿಯವರು ಸಲಿಕೆ ಹಿಡಿದು ಅದನ್ನು ತೆಗೆಯುತ್ತಾರೆ. ನಮ್ಮ ಕಡೆಯ ತೊಂದರೆ ಬೇರೆ, ಇಲ್ಲಿ ನೆಲವೇ ಅಲುಗುತ್ತದೆ. ಅದಕ್ಕೇ ಎತ್ತರಕ್ಕೆ ಏರಿ ಹಾಕಿ, ಮೇಲೆ ಗರಸು ಹಾಸಿ, ದಮ್ಮಸು ಮಾಡಿ, ಅದರ ಮೇಲೆ ಖಡಿ ಸುರಿಯಬೇಕು. ಖಡಿಯ ಸಂದಿನಲ್ಲಿ ಮಳೆನೀರು ಹರಿದು ಹೋಗುತ್ತದೆ. ನೀರು ನಿಂತರೆ ರೈಲಿನ ಭಾರಕ್ಕೆ ಕೆಸರು ಮೇಲೆ ಚಿಮ್ಮಿ ಖಡಿಯನ್ನೇ ನುಂಗುತ್ತದೆ. ದಾರಿಗೆ ಅಡ್ಡ ಬರುವ ಪ್ರತಿ ಹಳ್ಳಕ್ಕೂ ಸೇತುವೆ ಬೇಕು. ಆಳಂದ ಕಡೆಯಿಂದ ಹರಿದು ಗಾಣಗಾಪುರದಲ್ಲಿ ಭೀಮೆಯನ್ನು ಕೂಡುವ ನಮ್ಮ ಅಮರ್ಜಾ ನದಿಯನ್ನೂ ಈ ಹಳಿ ದಾಟಿದೆ.

ಮುಂಬೈ ಕಡೆಯ ಹಳಿಯೂ ಮದ್ರಾಸ್ ಕಡೆಯ ಹಳಿಯೂ 1871ರಲ್ಲಿ ರಾಯಚೂರಿನಲ್ಲಿ ಕೂಡಿದವು. ಸೊಲ್ಲಾಪುರದಿಂದ ಕಲಬುರಗಿಗೆ ಬಂದ ಆ ದಾರಿ ಭೀಮೆಯ ಉತ್ತರಕ್ಕೇ ಸಾಗಿತು. ಜೇವರ್ಗಿ ಇರುವುದು ದಕ್ಷಿಣಕ್ಕೆ. ಇಂದಿಗೂ ಅಲ್ಲಿಯವರು ಬಸ್ಸಿನಲ್ಲಿ ಕಟ್ಟಿಸಂಗಾವಿಯ ಸೇತುವೆ ದಾಟಿ ಕಲಬುರಗಿಗೆ ಬಂದು ರೈಲು ಹತ್ತಬೇಕು.

"ಹಳಿ ಹಾಸಿದ ಮ್ಯಾಲ ಕೆಲಸ ಮುಗೀತಲ್ಲ?" ಎಂದಳು.

ಇಲ್ಲ. ನನ್ನ ಅಪ್ಪ ಗ್ಯಾಂಗ್‌ಮನ್ ಆಗಿದ್ದ. ಬೇಸಿಗೆಯ ಮಧ್ಯಾಹ್ನ ನಾವು ನೆರಳು ಹುಡುಕುವಾಗ ಅವನು ಹಳಿಯ ಮೇಲೆ ನಡೆಯುತ್ತಿದ್ದ. ಕಬ್ಬಿಣ ಕಾದರೆ ಹಿಗ್ಗುತ್ತದೆ. 1 ಕಿ.ಮೀ. ಉದ್ದದ ಹಳಿ 40 ಡಿಗ್ರಿಯಷ್ಟು ಹೆಚ್ಚು ಕಾದರೆ ಸುಮಾರು 46 ಸೆಂ.ಮೀ. ಬೆಳೆಯಲು ನೋಡುತ್ತದೆ. ಮಕ್ಕಳ ದೊಡ್ಡ ಸ್ಕೇಲಿನ ಲೆಕ್ಕದಲ್ಲಿ ಒಂದೂವರೆ ಸ್ಕೇಲು! ಹಿಂದೆ ಅದಕ್ಕಾಗಿ ಹಳಿಗಳ ನಡುವೆ ಸಂದು ಬಿಡುತ್ತಿದ್ದರು. ಅಜ್ಜ ಅಜ್ಜಿಯರು ಕೇಳಿದ 'ತಡಕ್ ತಡಕ್' ಸದ್ದು ಆ ಸಂದುಗಳದ್ದೇ. ಈಗ ಹಳಿಗಳನ್ನು ಉದ್ದಕ್ಕೂ ಬೆಸೆಯುತ್ತಾರೆ. ಹಿಗ್ಗಲು ನೋಡುವ ಹಳಿಯನ್ನು ಸ್ಲೀಪರು ಮತ್ತು ಖಡಿ ಬಿಗಿಯಾಗಿ ಹಿಡಿದಿರಬೇಕು. ಖಡಿ ಕಡಿಮೆಯಾದಲ್ಲಿ ಹಳಿ ಪಕ್ಕಕ್ಕೆ ಬಾಗಬಹುದು, ಗಾಡಿ ಉರುಳಬಹುದು. ಅದಕ್ಕೇ ಬಿಸಿಲು ಏರಿದಾಗ ಇವತ್ತಿಗೂ ಜನ ನಡೆದೇ ಹಳಿ ನೋಡುತ್ತಾರೆ.

ನಾವು ಮರಳಿ ಬಂದಾಗ ಅಂಥವರೊಬ್ಬರು ಕೆಲಸ ಮುಗಿಸಿ ಪ್ಲಾಟ್‌ಫಾರ್ಮಿನ ಬೇವಿನ ನೆರಳಿಗೆ ಬಂದು ಕೂತರು. ತಲೆಗೆ ಟವೆಲ್ಲು, ಕೈಯಲ್ಲಿ ಉದ್ದನೆಯ ಸುತ್ತಿಗೆ. ಮೊಮ್ಮಗಳು ನನ್ನ ಮುಖ ನೋಡಿದಳು. ಆಮೇಲೆ ಓಡಿಹೋಗಿ ಬಾಟಲಿ ಕೊಟ್ಟಳು.

"ಕಾಕಾ, ಅರ್ಧ ಕುಡೀರಿ. ಅರ್ಧ ನಮ್ಮಪ್ಪಗ."

ಅವರು ನಕ್ಕು, ಬಾಟಲಿ ಎತ್ತಿ ಕುಡಿದು, ಸರಿಯಾಗಿ ಅರ್ಧ ಉಳಿಸಿ ಕೊಟ್ಟರು. ಅಷ್ಟರಲ್ಲಿ ದೂರದಲ್ಲಿ ರೈಲು ಕೂಗಿತು.